ಮಡಚದ ಚಾಕು

ಟಾರ್ಚಿಗೆ ನಾನೂರ ಐವತ್ತು. ನೈಲಾನ್ ಹಗ್ಗಕ್ಕೆ ಆರುನೂರು. ಗಾಯದ ಔಷಧಿ, ಹತ್ತಿ, ಬಟ್ಟೆಪಟ್ಟಿ ಎಲ್ಲ ಸೇರಿ ಮುನ್ನೂರು. ಸೀಟಿ ಎರಡಕ್ಕೆ ಅರವತ್ತು. ನೀರು ಒಳಗಿಳಿಯದ ಚೀಲಕ್ಕೆ ಐನೂರು. ಕೆರೆಕೊಪ್ಪಲಿನ ಹೆಂಗಸರ ಹಾಲಿನ ಡೇರಿಯವರು ಆಪತ್ತಿನ ಚೀಲಕ್ಕೆಂದು ಬೋನಸ್ಸಿನಲ್ಲಿ ತೆಗೆದಿಟ್ಟದ್ದು ಮೂರು ಸಾವಿರ. ಉಳಿದ ಸಾವಿರದ ತೊಂಬತ್ತು ರೂಪಾಯಿ ಚಾಕುವಿನ ಪಾಲು.

ಚಾಕುವಿಗೆ ಸಾವಿರವೇ ಎಂದು ಊರಿನ ಗಂಡಸರು ನಕ್ಕರು. ಮನೆಮನೆಯಲ್ಲೂ ಮಚ್ಚಿದೆ, ಕುಡುಗೋಲಿದೆ, ಈಳಿಗೆ ಮಣೆಯಿದೆ. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಆದರೆ ಡೇರಿಯ ಅಧ್ಯಕ್ಷೆ ತಿಮ್ಮಕ್ಕನಿಗೆ ನಗು ಬರಲಿಲ್ಲ. ಹೋದ ವರ್ಷ ಲಲಿತಮ್ಮನ ಹಸು ಮುಳುಗಿದ್ದನ್ನು ಕೆರೆ ಏರಿಯ ಮೇಲೆ ನಿಂತು ಕಣ್ಣಾರೆ ಕಂಡವಳು ಅವಳು.

ನೀರು ಕುಡಿಯಲು ಕೆರೆಗಿಳಿದ ಹಸು ಯಾರೋ ಬಿಟ್ಟುಹೋಗಿದ್ದ ಹಳೆಯ ಮೀನಿನ ಬಲೆಗೆ ಕಾಲು ಸಿಕ್ಕಿಸಿಕೊಂಡಿತ್ತು. ತಿಮ್ಮಕ್ಕನ ತಂಗಿಯ ಮಗ ಸಂತು, ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುವವನು, ಜೇಬಿನಲ್ಲಿದ್ದ ಮಡಚುವ ಚಾಕು ಹಿಡಿದು ನೀರಿಗೆ ಹಾರಿದ. ಬಲೆ ಕೊಯ್ಯುವಾಗ ಕೆಸರು ಕೂತ ಚಾಕು ಗಕ್ಕನೆ ಹಿಂದಕ್ಕೆ ಮಡಚಿಕೊಂಡು ಅವನ ಬೆರಳನ್ನೇ ಕೊಯ್ದಿತು. ಯಾರೋ ಮಚ್ಚು ತಂದರು. ಎದೆಮಟ್ಟದ ನೀರಿನಲ್ಲಿ ಮಚ್ಚು ಬೀಸುವುದು ಹೇಗೆ? ಏಟು ಬಲೆಗೆ ಬೀಳುವ ಬದಲು ಹಸುವಿನ ಕಾಲಿಗೆ ಬಿತ್ತು. ಮತ್ತೆ ಮೇಲೆ ಬಂದದ್ದು ಹಸುವಿನ ಹೊಟ್ಟೆ ಮಾತ್ರ.

ಅಂದಿನಿಂದ ತಿಮ್ಮಕ್ಕನ ತಲೆಯಲ್ಲಿ ಕೂತದ್ದು ಒಂದೇ ಮಾತು. ಡೇರಿಯಲ್ಲಿ ಒಂದು ಚೀಲ ಸದಾ ಸಿದ್ಧವಾಗಿರಬೇಕು, ಅದರೊಳಗೆ ಮಡಚದ ಚಾಕು ಇರಬೇಕು.

ಸಭೆಯಲ್ಲಿ ಡೇರಿಯ ಕಾರ್ಯದರ್ಶಿ ರಘುರಾಮ್, "ಸರಿ, ಚಾಕು ಆರಿಸಿ ತರೋ ಜವಾಬ್ದಾರಿ ಯಾರದು?" ಎಂದು ಕೇಳಿದರು.

"ತಿಮ್ಮಕ್ಕನೇ ತರ್ಲಿ," ಎಂದಳು ಮುದ್ದಮ್ಮ. "ಬದನೇಕಾಯಿ ಕೊಳ್ಳೋಕೂ ಬುಟ್ಟಿ ಬುಡ ಕಾಣೋಗಂಟ ತಿರುವೋಳು ಆಯಮ್ಮ."

ಎಲ್ಲರೂ ನಕ್ಕ ಮೇಲೆ ಮುದ್ದಮ್ಮ ನಗು ನಿಲ್ಲಿಸಿ, ತಿಮ್ಮಕ್ಕನಿಗಷ್ಟೇ ಕೇಳುವಂತೆ ಹೇಳಿದಳು: "ನಾಳೆ ನಮ್ ಕೆಂದಿ ಬಿದ್ರೂ ಅದೇ ಚಾಕು ತಾನೇ ಬರೋದು. ನೋಡ್ಕಂಡ್ ತಾ ಅಕ್ಕ."

ಮುದ್ದಮ್ಮನಿಗೆ ಗಂಡನಿಲ್ಲ, ಹೊಲವಿಲ್ಲ. ಇರುವುದು ಕೆಂದಿ ಎಂಬ ಒಂದೇ ಹಸು, ಅದೂ ಈಗ ಗಬ್ಬ. ಕೊಟ್ಟಿಗೆಯ ಹಿತ್ತಿಲು ದಾಟಿದರೆ ಕೆರೆಯ ನೀರು.

ಮೊದಲು ಬೇಲೂರಿನ ಪೇಟೆಬೀದಿಯಲ್ಲಿ ವಿಚಾರಿಸಿದ್ದಾಯಿತು. ಅಲ್ಲಿ ತರಕಾರಿ ಹೆಚ್ಚುವ ಚಾಕು ಬೇಕಾದಷ್ಟು, ಮಚ್ಚು ಬೇಕಾದಷ್ಟು, ನಡುವಿನದು ಇಲ್ಲ. ಆಗ ಸಂತು ಹೇಳಿದ: "ಅರಸೀಕೆರೆ ಸ್ಟೇಷನ್ ತಾವ ಒಂದು ಅಂಗಡಿ ಐತೆ ದೊಡ್ಡವ್ವ. ಬೆಟ್ಟ ಹತ್ತೋರಿಗೆ, ಕಾಡಿಗ್ ಹೋಗೋರಿಗೆ ಬೇಕಾದ್ ಸಾಮಾನೆಲ್ಲ ಮಡಗವ್ನೆ. ಚಾಕು ಅಂದ್ರೆ ಚಾಕು. ಫೋನಲ್ಲಿ ನೋಡಿವ್ನಿ."

"ಫೋನಲ್ಲಿ ನೋಡಿದ್ರೆ ಎಮ್ಮೆನೂ ಆನೆ ಥರ ಕಾಣ್ತೈತೆ. ನಡಿ, ಕೈಯಲ್ಲಿ ಹಿಡ್ಕಂಡು ನೋಡಾನ."

ಹಗರೆಯಲ್ಲಿ ಬಸ್ಸು ಹತ್ತಿದರು. ತಿಮ್ಮಕ್ಕ ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು, "ನಿಂದು ನೀನ್ ತಕ್ಕೊ. ನಾನು ಸರ್ಕಾರದ ನೆಂಟಳು," ಎಂದು ಕಿಟಕಿಯ ಪಕ್ಕ ಕೂತಳು. ಹಳೇಬೀಡು ದಾಟುವ ಹೊತ್ತಿಗೆ ಅವಳ ತೊಡೆಯ ಮೇಲಿದ್ದ ಕೈಚೀಲದಿಂದ ಎದ್ದ ವಾಸನೆಗೆ ಮುಂದಿನ ಸೀಟಿನವರು ತಿರುಗಿ ನೋಡತೊಡಗಿದರು.

"ಏನ್ ದೊಡ್ಡವ್ವ ಅದು?"

"ಬಲೆ ಕಣ್ಲಾ. ಲಲಿತಮ್ಮನ ಹಸಿನ್ ಕಾಲಿಗೆ ಸುತ್ಕಂಡಿತ್ತಲ್ಲ, ಅದ್ರದ್ದೇ ತುಂಡು. ಒಂದು ಸೀಸೆ ಹರಳೆಣ್ಣೆ ಐತೆ. ಒಂದು ತೆಂಗಿನಕಾಯಿ."

"ಅಂಗ್ಡಿಯೋನು ನಮ್ಮನ್ನ ಮಾಟ ಮಾಡೋರು ಅಂತಾನೆ."

"ಅನ್ಲಿ. ಹೆದ್ರಿಕೊಂಡ್ರೆ ಬೆಲೆ ಇಳಿಸ್ತಾನೆ."

ಜಾವಗಲ್ ಕಳೆದು ತೆಂಗಿನ ತೋಟಗಳ ನಡುವೆ ಬಸ್ಸು ಓಡುತ್ತಿದ್ದಾಗ ತಿಮ್ಮಕ್ಕನಿಗೆ ತನ್ನ ಮೇಲೇ ಸೋಜಿಗವಾಯಿತು. ಮಗಳ ಮದುವೆಗೆ ಒಡವೆ ಕೊಳ್ಳಲು ಹೋದಾಗಲೂ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ. ಒಡವೆ ಚೆನ್ನಾಗಿಲ್ಲದಿದ್ದರೆ ಬೀಗರು ಮುಖ ಗಂಟಿಕ್ಕಿಕೊಳ್ಳುತ್ತಾರೆ, ಅಷ್ಟೆ. ಇದು ಚೆನ್ನಾಗಿಲ್ಲದಿದ್ದರೆ ನೀರಿನೊಳಗೆ ಒಂದು ಜೀವ ಹೋಗುತ್ತದೆ.

ಅರಸೀಕೆರೆಯ ಆ ಅಂಗಡಿಯ ಮಾಲೀಕ ಶರತ್ಚಂದ್ರ ಕನ್ನಡಕವನ್ನು ಹಣೆಯ ಮೇಲೇರಿಸಿ ಕೂತಿದ್ದ. "ಯಾವ ಕೆಲ್ಸಕ್ಕೆ ಬೇಕಮ್ಮ ಚಾಕು?"

"ಕೆರೆ ಒಳಗೆ ಹಸ ಬಲೇಗೆ ಸಿಕ್ಕಾಕಂಡ್ರೆ ಬಿಡಿಸೋಕೆ."

ಕನ್ನಡಕ ಮೂಗಿನ ಮೇಲಕ್ಕೆ ಇಳಿಯಿತು. "ಇಲ್ಲಿಗೆ ಬರೋರೆಲ್ಲ ಬೆಟ್ಟದ ಮೇಲೆ ನಿಂತು ಫೋಟೋ ತೆಗೆಸ್ಕೊಳ್ಳೋಕೆ ಚಾಕು ಕೇಳ್ತಾರೆ. ನೀವೊಬ್ರು ಕೆಲ್ಸ ಹೇಳ್ದೋರು. ಕೂತ್ಕೊಳಿ."

ಅವನು ಮೇಜಿನ ಮೇಲೆ ಪೇಪರು ಹಾಸಿ ಮೂರು ಚಾಕುಗಳನ್ನು ಒಂದೊಂದಾಗಿ ಇಟ್ಟ. ಒಂದನ್ನೂ ಕೈಗೆ ಕೊಡಲಿಲ್ಲ. ತಿಮ್ಮಕ್ಕನೂ ಕೈ ಚಾಚಲಿಲ್ಲ, ಅವನು ಇಟ್ಟು ಕೈ ತೆಗೆದ ಮೇಲೆ ಎತ್ತಿಕೊಂಡಳು. ಉಪ್ಪು, ಮೆಣಸಿನಕಾಯಿ, ಹರಿತವಾದದ್ದು ಯಾವುದನ್ನೂ ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ. ಇದನ್ನು ಇಬ್ಬರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲನೆಯದು ಮೊಳದುದ್ದ, ಒನಕೆಯಷ್ಟು ಭಾರ. "ಇದನ್ ಹಿಡ್ಕಂಡು ನೀರಿಗಿಳಿದ್ರೆ ಹಸಿನ್ ಜೊತೆ ನಾನೂ ತಳ ಸೇರ್ತೀನಿ," ಎಂದು ತಿಮ್ಮಕ್ಕ ಅದನ್ನು ಬದಿಗೆ ಸರಿಸಿದಳು.

ಎರಡನೆಯದನ್ನು ಕಂಡು ಸಂತುವಿನ ಕಣ್ಣು ಅರಳಿದವು. ಕಪ್ಪು ಅಲಗು, ಬೆನ್ನಿನುದ್ದಕ್ಕೂ ಗರಗಸದ ಹಲ್ಲು. ಹಿಡಿಯ ಬುಡದ ಮುಚ್ಚಳದಲ್ಲಿ ದಿಕ್ಸೂಚಿ. ಮುಚ್ಚಳ ತಿರುಗಿಸಿದರೆ ಹಿಡಿಯೊಳಗೆ ಬೆಂಕಿಕಡ್ಡಿ, ಸೂಜಿ, ಗಾಳದ ಕೊಕ್ಕೆ.

"ನೋಡು ದೊಡ್ಡವ್ವ, ದಿಕ್ಕು ತೋರಿಸ್ತೈತೆ."

"ನಮ್ ಕೆರೇಲಿ ದಿಕ್ ತಪ್ಪೋಕೆ ಅದೇನ್ ಸಮುದ್ರವೇನ್ಲಾ?" ತಿಮ್ಮಕ್ಕ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಲಗಲ ಎಂದಿತು. "ಹಿಡಿ ಟೊಳ್ಳು. ಅಲಗು ಎಲ್ಲಿಗಂಟ ಹೋಗೈತೆ ಸ್ವಾಮಿ?"

"ಹಿಡಿ ಶುರುವಾಗೋ ಕಡೆಗೇ ನಿಂತಿದೆ. ಅಲ್ಲೊಂದು ಸ್ಕ್ರೂ."

"ಸೌಟಿನ ಹಿಡಿ ಕಳಚ್ಕೊಳ್ಳೋದೂ ಅಲ್ಲೇ."

"ಆದ್ರೆ ಹಲ್ಲು ನೋಡು," ಎಂದ ಸಂತು. "ನೆಂದ ನೈಲಾನ್ ಜಾರ್ತೈತೆ. ಹಲ್ಲಿದ್ರೆ ಕಚ್ತೈತೆ."

"ಮದ್ವೆಗೆ ಹೊಂಟ ಗಂಡಿನ ಥರ ಐತೆ ಕಣೋ ಇದು. ಮೈತುಂಬ ಸಿಂಗಾರ. ಬದಿಗಿಡು."

ಮೂರನೆಯದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅಂಗೈಯುದ್ದದ ಅಲಗು, ಕಿತ್ತಳೆ ಬಣ್ಣದ ರಬ್ಬರಿನ ಹಿಡಿ. ಆದರೆ ಅಲಗಿನ ಉಕ್ಕು ಒಂದೇ ತುಂಡಾಗಿ ಹಿಡಿಯ ತುದಿಯವರೆಗೂ ಹೋಗಿ, ಬುಡದಲ್ಲಿ ಬೆರಳಗಲ ಇಣುಕುತ್ತಿತ್ತು. ಅಲ್ಲೊಂದು ಸಣ್ಣ ತೂತು.  ತಿಮ್ಮಕ್ಕ ಸೀಸೆಯ ಹರಳೆಣ್ಣೆಯನ್ನು ಅಂಗೈಗೆ ಸುರಿದುಕೊಂಡು ಉಜ್ಜಿ, ಚಾಕು ಹಿಡಿದು ತಿರುಚಿದಳು. ಜಾರಲಿಲ್ಲ. ಶರತ್ಚಂದ್ರನಿಂದ ಒಂದು ಬಕೆಟ್ ನೀರು ತರಿಸಿ ಬಲೆಯನ್ನು ಮುಳುಗಿಸಿ, ಕೈಯನ್ನೂ ಮುಳುಗಿಸಿ, ಕಣ್ಣು ಮುಚ್ಚಿ ಎಳೆದಳು. ಸರ್ರನೆ ಬಲೆಯ ಎಳೆಗಳು ಬಿಟ್ಟುಕೊಂಡವು. ಮತ್ತೆ ಎಳೆದಳು. ಮತ್ತೆ ಸರ್ರ್. ಅವಳ ಮುಖದಲ್ಲಿ ಹದಿನೆಂಟರ ಹುಡುಗಿಯ ನಗು ಬಂದು ಕೂತಿತು. ತೆಂಗಿನಕಾಯಿಯ ಸಿಪ್ಪೆಗೆ ಚುಚ್ಚಿ ಮೀಟಿದಳು, ಅಲಗು ಬಾಗಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡೇ ಒರೆಯೊಳಗೆ ತಳ್ಳಿದಳು. ಟಕ್ ಎಂದು ಕೂತಿತು. ಒರೆಯನ್ನು ತಲೆಕೆಳಗು ಮಾಡಿದರೂ ಬೀಳಲಿಲ್ಲ.

ಅಷ್ಟರಲ್ಲಿ ಅಂಗಡಿಯ ಮುಂದೆ ನಾಲ್ಕು ಜನ ಸೇರಿದ್ದರು. ಒಬ್ಬ, "ಏನ್ ಶರತ್, ಇವತ್ತು ನಿನ್ ಅಂಗ್ಡೀಲಿ ಆಟ ಆಡಿಸ್ತಿದೀಯ?" ಎಂದ.

"ಸುಮ್ನಿರಯ್ಯ. ಇಷ್ಟು ವರ್ಷ ವ್ಯಾಪಾರ ಮಾಡಿ ನಾನೂ ಈ ಪರೀಕ್ಷೆ ನೋಡಿಲ್ಲ."

ಬೆಲೆ ಸಾವಿರದ ಇನ್ನೂರೈವತ್ತು ಎಂದ. ತಿಮ್ಮಕ್ಕ ಒಂಬೈನೂರು ಎಂದಳು. ಅವನು ಕಂಪನಿಯ ಹೆಸರು ಹೇಳಿದ, ಅವಳು ಹಸುವಿನ ಹೆಸರು ಹೇಳಿದಳು. ಸಾವಿರದ ಐವತ್ತಕ್ಕೆ ಮುಗಿಯಿತು. ಅವಳು ಹಣ ಎಣಿಸುವಷ್ಟರಲ್ಲಿ ಸಂತು ತನ್ನ ಜೇಬಿನಿಂದ ಏಳುನೂರು ತೆಗೆದು ಆ ಹಲ್ಲಿನ ಚಾಕುವನ್ನು ಕೊಂಡು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡಾಗಿತ್ತು.

"ಭವ್ಯಾಗೇನಂತ ಹೇಳ್ತೀಯ?" ಭವ್ಯಾ ಅವನ ಹೆಂಡತಿ.

"ಡೇರಿದು ಅಂತೀನಿ."

"ಡೇರಿ ಹೆಸರು ಕೆಡಿಸಬ್ಯಾಡ. ದೊಡ್ಡವ್ವಂಗೆ ಬುದ್ಧಿ ಇಲ್ಲ, ಕೊಡಿಸಿದ್ಲು ಅನ್ನು. ಅದನ್ನಾದ್ರೆ ನಂಬ್ತಾಳೆ."

ಬಸ್ಸಿನಲ್ಲಿ ಬರುವಾಗ ತಿಮ್ಮಕ್ಕ ಚೀಲದ ಬಾಯಿ ಬಿಚ್ಚಿ ಇಣುಕುವುದು, ಮುಚ್ಚುವುದು, ಮತ್ತೆ ಬಿಚ್ಚುವುದು. ಹೊಸ ಸೀರೆ ಕೊಂಡವರು ಹಾಗೆ ನೋಡುತ್ತಾರೆ.

ಮನೆಗೆ ಬಂದವಳು ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಹಿಡಿಯ ಬುಡದ ತೂತು ಕಣ್ಣಿಗೆ ಬಿತ್ತು. ತೂತು ಬಿಟ್ಟಿರುವುದು ಪೂಜೆಯ ದಾರ ಕಟ್ಟುವುದಕ್ಕೇ ಇರಬೇಕು ಎಂದುಕೊಂಡು, ಅರಿಸಿನದ ದಾರವನ್ನು ಗಿಡ್ಡಕ್ಕೆ ಪೋಣಿಸಿ ಗಂಟು ಹಾಕಿದಳು.

ಮರುದಿನ ಸಂಜೆ ಹಾಲು ಹಾಕಲು ಬಂದ ಹೆಂಗಸರು ಯಾರೂ ಮನೆಗೆ ಹೋಗಲಿಲ್ಲ. ಎಲ್ಲರಿಗೂ ಒಂದು ಸಲ ಕೊಯ್ದು ನೋಡುವ ಆಸೆ. ಹಾಲಿನ ಕ್ಯಾನಿನಲ್ಲಿ ನೀರು ತುಂಬಿಸಿ, ಬಲೆ ಮುಳುಗಿಸಿ, ಸರದಿ ನಿಂತರು. ರಘುರಾಮ್ ಕೂಡ ಷರ್ಟಿನ ತೋಳು ಮಡಚಿ ಒಂದು ಕೈ ನೋಡಿದರು. "ಲೆಕ್ಕ ಬರಿಯೋ ಕೈ ಸ್ವಾಮಿ, ಜೋಪಾನ," ಎಂದು ಮುದ್ದಮ್ಮ ರೇಗಿಸಿದಳು. ಹೊತ್ತು ಮುಳುಗುವಷ್ಟರಲ್ಲಿ ಬಲೆ ಶಾವಿಗೆಯಾಗಿತ್ತು.

ತಿಮ್ಮಕ್ಕ ಮೇಷ್ಟರಂತೆ ನಿಂತು ಪಾಠ ಹೇಳಿದಳು. ಅಲಗನ್ನು ತನ್ನ ಕಡೆಗೆ ಎಳೆಯಬಾರದು. ಕೆಲಸ ಮುಗಿದ ಕೂಡಲೇ ಒರೆಗೆ ಹಾಕಬೇಕು. "ಆಮೇಲೆ ಯಾರೂ ಕೈಯಿಂದ ಕೈಗೆ ಕೊಡಬ್ಯಾಡ್ರಿ. ಕೆಳಗಿಡಿ, ಬೇಕಾದೋರು ತಕ್ಕಳ್ಲಿ. ಕೈಗೂ ಒಳ್ಳೇದು, ಮನೆಗೂ ಒಳ್ಳೇದು." ಎಲ್ಲರೂ ತಲೆಯಾಡಿಸಿದರು. ಆ ದಿನ ಎಷ್ಟು ಜನ ಹಿಡಿದರೂ ಚಾಕು ನೆಲಕ್ಕೆ ಮುಟ್ಟಿಯೇ ಇನ್ನೊಬ್ಬರ ಕೈಗೆ ಹೋಯಿತು.

ಹಿಂಗಾರು ಮಳೆ ಚೆನ್ನಾಗಿ ಹಿಡಿದು ಕೆರೆ ತುಂಬಿತು. ಒಂದು ಬೆಳಿಗ್ಗೆ ಹಾಲು ಅಳೆಯುವುದು ಮುಗಿದು, ಸಂತು ಯಂತ್ರ ತೊಳೆಯುತ್ತಿದ್ದ. ಏರಿಯ ಕಡೆಯಿಂದ ಮುದ್ದಮ್ಮನ ಕೂಗು ಕೇಳಿತು. ಅದರಲ್ಲಿ ಮಾತಿರಲಿಲ್ಲ, ಬರೀ ದನಿ.

ಸಂತು ಓಡಿದ. ತಿಮ್ಮಕ್ಕ ಗೂಟದಿಂದ ಆಪತ್ತಿನ ಚೀಲ ಎಳೆದುಕೊಂಡು ಅವನ ಹಿಂದೆ ಓಡಿದಳು. ಹಾಲು ಹಾಕಿ ಮನೆಗೆ ಹೊರಟಿದ್ದ ಹೆಂಗಸರೆಲ್ಲ ಪಾತ್ರೆ ಬಿಟ್ಟು ಓಡಿದರು.

ಕೆರೆಯ ತೂಬಿನ ಹತ್ತಿರ, ಏರಿಯಿಂದ ನೀರಿನೊಳಕ್ಕೆ ಚಾಚಿದ ಉದ್ದನೆಯ ಕಲ್ಲುಚಪ್ಪಡಿಯ ಪಕ್ಕದಲ್ಲಿ, ಕೆಂದಿಯ ತಲೆಯೊಂದೇ ಕಾಣುತ್ತಿತ್ತು. ಗೂಟ ಕಿತ್ತುಕೊಂಡು ಇಳಿದಿದ್ದ ಹಸುವಿನ ಮುಂಗಾಲಿಗೂ ಕೊರಳಿಗೂ ಬಲೆ ಸುತ್ತಿತ್ತು. ಬಲೆಯ ಇನ್ನೊಂದು ತುದಿ ನೀರಿನೊಳಗಿನ ಯಾವುದೋ ಕಲ್ಲಿಗೆ ಸಿಕ್ಕಿತ್ತು. ಹಸು ಕೊಸರಿದಷ್ಟೂ ತಲೆ ಕೆಳಗೆ ಹೋಗುತ್ತಿತ್ತು.

ಸಂತು ಪ್ಯಾಂಟು ಕಳಚಿ ಏರಿಯ ಮೇಲೆ ಎಸೆದು, ಚಡ್ಡಿಯಲ್ಲೇ ಇಳಿದ. ಅಷ್ಟರಲ್ಲಿ ಹೆಂಗಸರು ಚೀಲದಲ್ಲಿದ್ದ ಹಗ್ಗವನ್ನು ಅವನ ಸೊಂಟಕ್ಕೆ ಕಟ್ಟಿ ತುದಿ ಹಿಡಿದಿದ್ದರು. ಅವನು ಎದೆಮಟ್ಟದ ನೀರಿನಲ್ಲಿ ಹಸುವಿನ ಗದ್ದದ ಕೆಳಗೆ ತೋಳು ಕೊಟ್ಟು ಮೇಲೆತ್ತಿದ. ಕೆಂದಿ ಮೂಗಿನಿಂದ ನೀರು ಚಿಮ್ಮಿಸಿ ಉಸಿರೆಳೆಯಿತು.

"ಕೈ ಬಿಟ್ರೆ ಹೋಗ್ತೈತೆ ದೊಡ್ಡವ್ವ. ಚಾಕು ಕೊಡು. ಬ್ಯಾಗ ಕೊಡು."

ತಿಮ್ಮಕ್ಕ ಚಪ್ಪಡಿಯ ಮೇಲೆ ಕುಕ್ಕರಗಾಲಿನಲ್ಲಿ ಸರಿಯುತ್ತ ತುದಿಗೆ ಬಂದಳು. ಒರೆಯಿಂದ ಚಾಕು ಸರಕ್ಕನೆ ಎಳೆದಳು. ಸಂತು ಬಿಡುವಾಗಿದ್ದ ಒಂದು ಕೈಯನ್ನು ಚಾಚಿದ. ಅವನ ಬೆರಳು ಅವಳ ಕೈಗೆ ಎಟಕುವಷ್ಟು ಹತ್ತಿರವಿದ್ದವು.

ತಿಮ್ಮಕ್ಕ ಚಾಕುವನ್ನು ಅವನ ಕೈಗೆ ಕೊಡಲಿಲ್ಲ. ಕಲ್ಲಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದಳು.

ಯೋಚಿಸಿ ಮಾಡಿದ್ದಲ್ಲ. ಐವತ್ತು ವರ್ಷ ಮಾಡಿದ್ದನ್ನು ಕೈ ತಾನಾಗಿಯೇ ಮಾಡಿತು. ಚಪ್ಪಡಿಯ ಮೇಲೆ ಪಾಚಿ ಕಟ್ಟಿತ್ತು. ಹಸು ಒದ್ದ ಅಲೆ ಬಂದು ಕಲ್ಲನ್ನು ತೊಳೆಯಿತು. ಕಿತ್ತಳೆ ಹಿಡಿ ಒಂದು ಸುತ್ತು ತಿರುಗಿ, ಅರಿಸಿನದ ದಾರ ಹಿಡಿಯಲು ಹೋದ ತಿಮ್ಮಕ್ಕನ ಬೆರಳಿನ ಸಂದಿಯಿಂದ ನುಣುಚಿ, ಬುಳುಕ್ಕನೆ ನೀರಿಗೆ ಬಿತ್ತು.

ಸಂತು ಅವಳ ಮುಖ ನೋಡಿದ. ಅವಳು ನೀರು ನೋಡಿದಳು. ಮುಳುಗಿ ಹುಡುಕುವ ಹಾಗಿರಲಿಲ್ಲ, ಅವನು ತೋಳು ಬಿಟ್ಟರೆ ಹಸು ಹೋಗುತ್ತದೆ. ಕೆಂದಿಯ ಕಣ್ಣು ಆಗಲೇ ಮೇಲಕ್ಕೆ ಸಿಕ್ಕಿಕೊಳ್ಳತೊಡಗಿತ್ತು. ಏರಿಯ ಮೇಲೆ ಮುದ್ದಮ್ಮ ಕೂಗುವುದನ್ನೂ ನಿಲ್ಲಿಸಿ ಎರಡೂ ಕೈಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದಳು.

"ನನ್ ಪ್ಯಾಂಟು," ಎಂದ ಸಂತು. "ಬೆಲ್ಟಲ್ಲೈತೆ."

"ಮುದ್ದಮ್ಮ, ಅವನ್ ಪ್ಯಾಂಟು ತಾರೇ," ಎಂದು ತಿಮ್ಮಕ್ಕ ಕೂಗಿದಳು.

ಮುದ್ದಮ್ಮ ಪ್ಯಾಂಟನ್ನು ಮಗುವಿನಂತೆ ಎದೆಗವಚಿಕೊಂಡು ಚಪ್ಪಡಿಯ ಮೇಲೆ ಓಡಿಬಂದಳು. ಎಂದೂ ಆ ಕಲ್ಲಿನ ಮೇಲೆ ಕಾಲಿಟ್ಟವಳಲ್ಲ. ತಿಮ್ಮಕ್ಕ ಬೆಲ್ಟಿನಿಂದ ಹಲ್ಲಿನ ಚಾಕು ಕಿತ್ತು, ಅಲಗಿನ ಚಪ್ಪಟೆ ಬದಿಗಳನ್ನು ಎರಡು ಬೆರಳಲ್ಲಿ ಹಿಡಿದು, ಹಿಡಿಯನ್ನು ನೇರವಾಗಿ ಸಂತುವಿನ ಅಂಗೈಗೆ ಒತ್ತಿದಳು. ಅವನ ಬೆರಳು ಮುಚ್ಚಿಕೊಂಡದ್ದು ಖಾತ್ರಿಯಾಗುವವರೆಗೆ ತನ್ನ ಕೈಯನ್ನು ಅವನ ಕೈಯ ಮೇಲೇ ಇಟ್ಟಿದ್ದಳು.

"ಹಿಡ್ದೀಯಾ?"

"ಹಿಡ್ದೆ, ಬಿಡು."

ಸಂತು ಚಾಕುವನ್ನು ನೀರೊಳಗೆ ತಿರುಗಿಸಿ ಗರಗಸದ ಹಲ್ಲನ್ನು ಬಲೆಗೆ ಹಚ್ಚಿ ಎಳೆದ. ನೆಂದ ನೈಲಾನನ್ನು ಹಲ್ಲು ಕಚ್ಚಿ ಹಿಡಿಯಿತು. ಕೊರಳಿನದು ಬಿಟ್ಟಿತು. ಹಸುವಿನ ತಲೆ ಒಂದು ಗೇಣು ಮೇಲೆ ಬಂತು. ಏರಿಯ ಮೇಲಿನ ಹೆಂಗಸರಿಂದ ಒಂದೇ ಉಸಿರು ಹೊರಟಿತು. ಕಾಲಿನ ಕಡೆಯ ಬಲೆ ಹಗ್ಗದಂತೆ ಹೊಸೆದುಕೊಂಡಿತ್ತು. ಎಳೆದ, ಎಳೆದ, ಮತ್ತೆ ಎಳೆದ. ಹಿಡಿಯೊಳಗೆ ಕಟಕ್ ಎಂದಿತು.

"ಸ್ಕ್ರೂ ಬಿಡ್ತು ದೊಡ್ಡವ್ವ, ಅಲಗು ಆಡ್ತೈತೆ."

"ಆಡ್ಲಿ. ಮೆಲ್ಲಗೆ ಎಳಿ. ತಿರುಚಬ್ಯಾಡ. ಮೆಲ್ಲಗೆ, ಮಗ."

ಕೊನೆಯ ಎಳೆ ಹರಿಯಿತು, ಹಿಡಿಯೂ ಕಳಚಿತು. ಬೆಂಕಿಕಡ್ಡಿಗಳು ನೀರಿನ ಮೇಲೆ ತೇಲಿದವು. ಕೆಂದಿ ಒಮ್ಮೆ ಜಾಡಿಸಿ ಒದ್ದು, ಸಂತುವನ್ನು ತಲೆಯಿಂದ ತಳ್ಳಿ ಮುಳುಗಿಸಿ, ದಡದ ಕಡೆಗೆ ಈಜಿತು. ಹೆಂಗಸರು ಹಗ್ಗ ಎಳೆದು ಸಂತುವನ್ನು ಮೇಲೆತ್ತಿದರು. ಹಸು ತಾನೇ ಎದ್ದು ನಿಂತು, ಮೈ ಕೊಡವಿ, ಏನೂ ಆಗದಂತೆ ಏರಿಯ ಹುಲ್ಲಿಗೆ ಬಾಯಿ ಹಾಕಿತು. ಮುದ್ದಮ್ಮ ಅದರ ಕೊರಳಿಗೆ ಬಿದ್ದು ಅತ್ತಳು, ಅಳುತ್ತಲೇ ಅದಕ್ಕೆ ಬೈದಳು.

ಸಂತು ಚಡ್ಡಿಯಲ್ಲಿ ನಡುಗುತ್ತ ಕೂತು, "ಈಗ ಹೇಳು. ಯಾರ್ ಚಾಕು ಗೆದ್ದಿದ್ದು?" ಎಂದ.

"ಗೆದ್ದಿದ್ದು? ಹಿಡಿ ಎಲ್ಲಿ ತೋರ್ಸು. ನಂದು ಬೀಳ್ದೆ ಇದ್ದಿದ್ರೆ ಒಂದೇ ಎಳೆತಕ್ಕೆ ಮುಗೀತಿತ್ತು."

"ಬೀಳ್ಸಿದ್ದು ಯಾರು?"

"ಬಾಯ್ ಮುಚ್ಲಾ. ಪಾಚಿ ಬೀಳಿಸ್ತು."

"ಪಾಚಿ ಮ್ಯಾಲೆ ಇಡು ಅಂತ ಪಾಚಿ ಹೇಳಿತ್ತಾ?"

ಲಲಿತಮ್ಮ ಸೀರೆಯ ಸೆರಗು ಬಾಯಿಗಿಟ್ಟುಕೊಂಡು, "ಕೈಯಿಂದ ಕೈಗೆ ಕೊಟ್ರಲ್ಲ, ನೋಡ್ರಪ್ಪ, ಆಗ್ಲೇ ಜಗಳ ಶುರುವಾಯ್ತು," ಎಂದಳು. ಏರಿಯ ಮೇಲೆ ನಗೆ ಎದ್ದಿತು. ತಿಮ್ಮಕ್ಕನೂ ನಕ್ಕಳು. ಆದರೆ ಚಾಕುವನ್ನು ಕಲ್ಲಿನ ಮೇಲಿಟ್ಟ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಬೇರೆಯವರ ಕೈ ಎಂಬಂತೆ.

ಮಧ್ಯಾಹ್ನ ಸಂತು, ಇನ್ನಿಬ್ಬರು ಸೇರಿ ಕಾಲಿನಿಂದ ಕೆಸರು ತಡವಿ ಹುಡುಕಿದರು. ಚಾಕು ಸಿಗಲಿಲ್ಲ. ಸಂಜೆ ಹಾಲಿನ ಹೊತ್ತಿಗೆ ತಿಮ್ಮಕ್ಕ ಹಳೆಯ ಒಂದು ಸೌಟು ತಂದು, ಹೆಂಗಸರನ್ನು ಎದುರುಬದುರು ನಿಲ್ಲಿಸಿ, ಹಿಡಿ ಮುಂದಾಗಿ ಕೈಯಿಂದ ಕೈಗೆ ದಾಟಿಸುವುದನ್ನು ಕಲಿಸಿದಳು. "ಹಿಡ್ದೀಯಾ ಅಂತ ಕೇಳ್ಬೇಕು, ಹಿಡ್ದೆ ಅಂದ್ಮೇಲೆ ಬಿಡ್ಬೇಕು. ಮನೇಲಿ ಬೇಕಾದ್ರೆ ಕೆಳಗಿಡ್ರಿ. ಕೆರೇಲಿ ನೆಲ ಎಲ್ಲೈತೆ?" ಮೊದಮೊದಲು ಸೌಟನ್ನೂ ಕೆಳಗಿಡುವವರೇ ಹೆಚ್ಚಾಗಿದ್ದರು. ಆಗೆಲ್ಲ ನಗು.

ರಘುರಾಮ್ ಕೇಳಿದರು: "ಇನ್ನೊಂದು ಚಾಕು ತರೋದಾದ್ರೆ ಯಾವುದು ತರ್ತೀರಿ ತಿಮ್ಮಕ್ಕ? ನಿಮ್ಮದೋ, ಸಂತುದೋ?"

"ನಂದೇ ಥರದ್ದು. ಆದ್ರೆ ಅಲಗಿಗೆ ಸ್ವಲ್ಪ ಹಲ್ಲಿರ್ಬೇಕು," ಎಂದಳು ತಿಮ್ಮಕ್ಕ. ಸಂತುವಿನ ಕಡೆ ನೋಡದೆ ಹೇಳಿದಳು. "ಅಂಥದ್ದೂ ಇದ್ದೇ ಇರ್ತೈತೆ. ಕೇಳಿದ್ರೆ ಅಂಗ್ಡಿಯೋನು ತೋರಿಸ್ತಿದ್ದ, ನಾನ್ ಕೇಳ್ಲಿಲ್ಲ."

ಹೋದದ್ದು ಸಾವಿರದ ಐವತ್ತು ರೂಪಾಯಿಯ ಒಂದು ಒಳ್ಳೆಯ ಚಾಕು, ಏಳುನೂರರ ಇನ್ನೊಂದು. ಉಳಿದದ್ದು ಮುದ್ದಮ್ಮನ ಹಸು. ಅದು ಮುಂದಿನ ತಿಂಗಳು ಹೆಣ್ಣುಕರು ಹಾಕಿತು.